ಸಿಯಾಟಲ್ ಸುತ್ತಮುತ್ತ ಮೊದಲ ಕಾಡುನಡಿಗೆ: ಯಾವ ಕೆರೆಯ ದಾರಿ ಯಾರಿಗೆ?

ಅಮ್ಮ ತೀರ್ಥಹಳ್ಳಿಯಿಂದ ಮೊದಲ ಸಲ ನಮ್ಮ ಮನೆಗೆ ಬಂದಾಗ, ಎರಡನೇ ಶನಿವಾರವೇ ಅವಳನ್ನು ರ‍್ಯಾಟಲ್‌ಸ್ನೇಕ್ ಲೆಜ್ ಎಂಬ ಬೆಟ್ಟದ ಬಂಡೆಗೆ ಹತ್ತಿಸಲು ಹೊರಟೆ. ಆಫೀಸಿನಲ್ಲಿ ಎಲ್ಲರೂ 'ಈಸಿ' ಅಂದಿದ್ದರು. ಫೋಟೋದಲ್ಲಿ ಕೆಳಗೆ ನೀಲಿ ಕೆರೆ, ಮೇಲೆ ಬಂಡೆ, ಸುತ್ತ ಕಾಡು. ಅರ್ಧ ದಾರಿಯಲ್ಲಿ ಅಮ್ಮ ಒಂದು ಬೇರಿನ ಮೇಲೆ ಕೂತುಬಿಟ್ಟಳು. ಮಂಡಿ ಹಿಡಿದುಕೊಂಡಿತ್ತು. "ಹತ್ತೋದು ಹೆಂಗೋ ಹತ್ತಬಹುದು ಕಣೋ, ಇಳಿಯೋದು ಹೆಂಗೆ?" ಅಂದಳು. ಇಳಿಯಲು ಒಂದೂವರೆ ಗಂಟೆ ಬೇಕಾಯಿತು. ಆಮೇಲೆ ಎರಡು ವಾರ ಮನೆಯ ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿಯುತ್ತಿದ್ದಳು.

ಅವಳಿಗೆ ಕಾಡು ಹೊಸತಲ್ಲ. ಕಾನಿನ ಪಕ್ಕದಲ್ಲೇ ಬೆಳೆದವಳು. ಆದರೆ ಅರವತ್ತಾರರ ಮಂಡಿಗೆ ಅದು ಸರಿಯಾದ ದಾರಿ ಆಗಿರಲಿಲ್ಲ, ಅಷ್ಟೆ. ನಾನು ನೋಡಬೇಕಿದ್ದನ್ನು ನೋಡಿರಲಿಲ್ಲ. ಪ್ರತಿ ವರ್ಷ ಏಪ್ರಿಲ್, ಮೇ ಬಂತು ಅಂದರೆ ಇಲ್ಲಿನ ಕನ್ನಡದ ಮನೆಗಳಿಗೆ ಅಪ್ಪ ಅಮ್ಮಂದಿರು ಬರುತ್ತಾರೆ. "ಎಲ್ಲಿಗೆ ಕರೆದುಕೊಂಡು ಹೋಗೋದು? ಕಾಡು ಇರಬೇಕು, ನೀರು ಇರಬೇಕು, ಜಾಸ್ತಿ ಕಷ್ಟ ಇರಬಾರದು" ಎಂದು ಸ್ನೇಹಿತರು ಕೇಳುತ್ತಾರೆ. ಮಕ್ಕಳಿಗೆ ಸೈಕಲ್ ಕಲಿಸಬೇಕು ಅನ್ನುವವರು, ತಾವೇ ಮೊದಲ ಸಲ ಹೈಕಿಂಗ್ ಶುರು ಮಾಡುವವರು ಕೇಳುವುದೂ ಇದನ್ನೇ. ನಾವು ಮತ್ತೆ ಮತ್ತೆ ಹೋಗಿರುವ ನಾಲ್ಕು ಜಾಗಗಳನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡಿದ್ದೇನೆ.

ಮೊದಲು ಏರು ನೋಡಿ, ಆಮೇಲೆ ಮೈಲಿ

ದಾರಿ ಎಷ್ಟು ಉದ್ದ ಅನ್ನುವುದು ಹೊಸಬರಿಗೆ ಅಷ್ಟು ಮುಖ್ಯವಲ್ಲ. ಎರಡು ಮೈಲಿ ಸಮತಟ್ಟಾಗಿ ನಡೆಯುವವರು ಮೂರು ಮೈಲಿಯೂ ನಡೆಯುತ್ತಾರೆ. ಮಂಡಿಯನ್ನು ಹಿಡಿಯುವುದು ಏರು. ಒಂದು ಮಹಡಿ ಅಂದರೆ ಸುಮಾರು 10 ಅಡಿ ಎಂದು ಲೆಕ್ಕ ಹಾಕಿ. ಸಾವಿರ ಅಡಿ ಏರು ಅಂದರೆ ನೂರು ಮಹಡಿ. ಮೈಸೂರಿನವರಿಗೆ ಬೇಗ ಅರ್ಥವಾಗುವಂತೆ ಹೇಳಬೇಕೆಂದರೆ, ಹತ್ತಿರ ಹತ್ತಿರ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನ ಮೇಲೆ ಹತ್ತಿದ ಹಾಗೆ. ರ‍್ಯಾಟಲ್‌ಸ್ನೇಕ್ ಲೆಜ್‌ನ ಏರು ಸಾವಿರ ಅಡಿಗಿಂತ ಜಾಸ್ತಿ. ವಾರವಾರವೂ ಬೆಟ್ಟ ಹತ್ತುವವರಿಗೆ ಅದು ಈಸಿಯೇ. ನಕ್ಷೆಯ ಆ್ಯಪ್‌ಗಳಲ್ಲಿ ಅಂಕ ಕೊಡುವವರು ಹೆಚ್ಚಾಗಿ ಅವರೇ.

ಎರಡನೆಯದು, ಕಾಲ ಕೆಳಗೆ ಏನಿದೆ? ಜಲ್ಲಿ, ಡಾಂಬರು, ಮಣ್ಣು, ಬೇರು? ಇಲ್ಲಿ ಅಕ್ಟೋಬರಿನಿಂದ ಮೇವರೆಗೆ ಮಳೆ. ಒದ್ದೆ ಬೇರಿನ ಮೇಲೆ ಪಾದ ಜಾರುವುದು ಅಂಗಳದ ಹಾವಸೆಯ ಮೇಲೆ ಜಾರಿದ ಹಾಗೇ.

ಮೂರನೆಯದನ್ನು ಯಾರೂ ಹೇಳುವುದಿಲ್ಲ, ನನಗೆ ಅದೇ ದೊಡ್ಡದು. ಎಲ್ಲಿ ಬೇಕಾದರೂ ತಿರುಗಿ ಬರಬಹುದಾ? ತುದಿ ಮುಟ್ಟಿದರೆ ಮಾತ್ರ ಏನಾದರೂ ಕಾಣುವ ದಾರಿಯಲ್ಲಿ ಹಿರಿಯರು ಸಾಕು ಅನ್ನುವುದೇ ಇಲ್ಲ. ಮಗನಿಗೆ ಬೇಜಾರಾಗುತ್ತದೆ ಎಂದು ನೋವು ನುಂಗಿಕೊಂಡು ನಡೆಯುತ್ತಾರೆ. ಅಮ್ಮ ಆ ದಿನ ಮಾಡಿದ್ದೂ ಅದನ್ನೇ. ಮೊದಲ ಹತ್ತು ನಿಮಿಷದಲ್ಲೇ ಕೆರೆಯೋ ದೊಡ್ಡ ಮರವೋ ಸಿಗುವ ದಾರಿಯಲ್ಲಿ "ಇಲ್ಲೇ ಕೂರೋಣ" ಎಂದು ಯಾರು ಬೇಕಾದರೂ ಹೇಳಬಹುದು.

ರ‍್ಯಾಟಲ್‌ಸ್ನೇಕ್ ಕೆರೆ: ಬೆಟ್ಟ ಬಿಡಿ, ರೈಲು ದಾರಿ ಹಿಡಿಯಿರಿ

ಲೆಜ್ ಬೇಡ ಅಂದೆ. ಅದರ ಕೆಳಗಿನ ಕೆರೆ ಬೇಡ ಅಂದಿಲ್ಲ. ಐ-90 ಹೆದ್ದಾರಿಯಲ್ಲಿ ನಾರ್ತ್ ಬೆಂಡ್ ಬಳಿ ಎಕ್ಸಿಟ್ 32ಕ್ಕೆ ಇಳಿದು ದಕ್ಷಿಣಕ್ಕೆ ಸುಮಾರು ಮೂರು ಮೈಲಿ ಹೋದರೆ ರ‍್ಯಾಟಲ್‌ಸ್ನೇಕ್ ಲೇಕ್. ಹೆಸರು ಕೇಳಿ ಅಪ್ಪ ಗಾಬರಿಯಾಗಿದ್ದರು. ಪಶ್ಚಿಮ ವಾಷಿಂಗ್ಟನ್‌ನಲ್ಲಿ ಬಾಲ ಗಲಗಲ ಅನ್ನಿಸುವ ಆ ವಿಷದ ಹಾವು ಇಲ್ಲ. ಗಾಳಿಗೆ ಗಲಗಲ ಅನ್ನುವ ಒಣ ಬೀಜಕಾಯಿಗಳಿಂದ ಆ ಹೆಸರು ಬಂತು ಎಂದು ಹೇಳುತ್ತಾರೆ.

ಈ ಕೆರೆಯ ಕತೆಯನ್ನು ನಮ್ಮ ಮಲೆನಾಡಿನವರು ಸುಮ್ಮನೆ ಕೇಳಿಸಿಕೊಳ್ಳಲಾರರು. ಇಲ್ಲಿ ಮಾಂಕ್ಟನ್ ಎಂಬ ರೈಲ್ವೆ ಊರಿತ್ತು. ಹತ್ತಿರದ ಸೀಡರ್ ನದಿಗೆ ಅಣೆಕಟ್ಟು ಕಟ್ಟಿದರು. ಅದರ ಹಿಂದೆ ನಿಂತ ನೀರು, ಹಿಮನದಿಗಳು ಬಿಟ್ಟುಹೋದ ಜಲ್ಲಿ ಮರಳಿನ ದಿಬ್ಬದೊಳಗಿಂದ ಜಿನುಗಲು ಶುರುವಾಯಿತು. 1915ರಲ್ಲಿ ಊರು ನಿಧಾನವಾಗಿ ಮುಳುಗಿತು. ಜನ ಮನೆ ಬಿಟ್ಟು ಹೋದರು. ಬೇಸಿಗೆಯ ಕೊನೆಗೆ ನೀರು ಇಳಿದಾಗ, ಹಿಂದೆ ಕಡಿದ ದೊಡ್ಡ ದೊಡ್ಡ ಮರಗಳ ಬೊಡ್ಡೆಗಳು ಮೇಲೆ ಕಾಣುತ್ತವೆ. ಅಪ್ಪ ಆ ಬೊಡ್ಡೆಗಳನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದರು. "ಶರಾವತಿ ಹಿನ್ನೀರಿನಲ್ಲೂ ಹೀಗೇ" ಅಂದರು. ಅವರ ಸೋದರಮಾವನ ತೋಟ ಲಿಂಗನಮಕ್ಕಿಯ ನೀರಿನಡಿ ಇದೆ.

ಇನ್ನು ನಡಿಗೆ. ದಡದುದ್ದಕ್ಕೂ ಸಮತಟ್ಟಾದ ದಾರಿ ಇದೆ. ಮಗುವಿನ ಸ್ಟ್ರೋಲರ್ ಆರಾಮಾಗಿ ಹೋಗುತ್ತದೆ. ಅದರ ತುದಿಯಲ್ಲಿ ಸೀಡರ್ ನದಿಯ ಜಲಾನಯನ ಕೇಂದ್ರ. ಸಿಯಾಟಲ್ ಊರು ಕುಡಿಯುವ ನೀರಿನ ಬಹುಪಾಲು ಬರುವುದು ಈ ಕೇಂದ್ರದ ಹಿಂದಿನ ಕಾಡಿನಿಂದ. ಆ ಕಾಡಿಗೆ ಯಾರನ್ನೂ ಸುಮ್ಮನೆ ಬಿಡುವುದಿಲ್ಲ. ಕೇಂದ್ರದ ಅಂಗಳದಲ್ಲಿ ನೀರಿನ ಹನಿ ಬಿದ್ದು ತಾವಾಗಿಯೇ ಬಾರಿಸಿಕೊಳ್ಳುವ ಡ್ರಮ್‌ಗಳಿವೆ. ಜರೀಗಿಡಗಳ ನಡುವೆ ಅಡಗಿಕೊಂಡಿರುತ್ತವೆ. ನನ್ನ ಮಗಳು ಅಲ್ಲಿಂದ ಏಳುವುದೇ ಇಲ್ಲ.

ಇದಕ್ಕಿಂತ ಜಾಸ್ತಿ ನಡೆಯಬೇಕು ಅನ್ನುವವರಿಗೆ, ಸೈಕಲ್ ತಂದವರಿಗೆ, ಇಲ್ಲಿ ಎರಡು ಹಳೆಯ ರೈಲು ದಾರಿಗಳು ಕೂಡುತ್ತವೆ. ಎರಡೂ ಮಿಲ್ವಾಕೀ ರೋಡ್ ಎಂಬ ರೈಲು ಕಂಪನಿಯವು. 1980ರಲ್ಲಿ ಈ ಕಡೆಯ ಮುಖ್ಯ ಮಾರ್ಗದಲ್ಲಿ ರೈಲು ನಿಂತಿತು. ಈಗ ಹಳಿ ಇಲ್ಲ, ಜಲ್ಲಿ ಹಾಸಿದ ಅಗಲವಾದ ದಾರಿ ಇದೆ. ನಡೆಯುವವರು, ಸೈಕಲ್ಲಿನವರು, ಕುದುರೆಯವರು ಎಲ್ಲರಿಗೂ ಅದೇ ದಾರಿ. ಹೊಸಬರಿಗೆ ಇಂಥ ದಾರಿ ಯಾಕೆ ಹೇಳಿ ಮಾಡಿಸಿದಂತಿರುತ್ತದೆ ಗೊತ್ತಾ? ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಕಡಿದಾದ ಏರನ್ನು ರೈಲು ಹತ್ತಲಾರದು. ಅದಕ್ಕೇ ನೂರು ಅಡಿ ಮುಂದೆ ಹೋದರೆ ಸುಮಾರು ಎರಡು ಅಡಿ ಏರುವಷ್ಟು ನಿಧಾನವಾಗಿ ಬೆಟ್ಟವನ್ನು ಬಳಸಿ ದಾರಿ ಮಾಡಿದ್ದಾರೆ. ಇಂಜಿನ್ನಿಗೆ ಮಾಡಿದ ಆ ಅನುಕೂಲ ಇವತ್ತು ಅಮ್ಮನ ಮಂಡಿಗೆ ಸಿಕ್ಕಿದೆ.

ಎರಡರಲ್ಲಿ ಯಾವುದು? ಇದನ್ನು ನಾವು ಕಷ್ಟಪಟ್ಟು ಕಲಿತೆವು. ಸ್ನೊಕ್ವಾಲ್ಮಿ ವ್ಯಾಲಿ ಟ್ರೇಲ್ 31 ಮೈಲಿ ಉದ್ದ, ಡುವಾಲ್ ಊರಿನ ಕಡೆ ಹೋಗುತ್ತದೆ. ಕೆರೆಯಿಂದ ಹೊರಟರೆ ನಾರ್ತ್ ಬೆಂಡ್‌ವರೆಗೆ ಇಳಿಜಾರು. ಮಗಳು ಪೆಡಲ್ ತುಳಿಯದೆಯೇ ಖುಷಿಯಾಗಿ ಹೋದಳು. ವಾಪಸ್ ಬರುವಾಗ ಅಷ್ಟೂ ಏರು. ಕೊನೆಯ ಮೈಲಿಯಲ್ಲಿ ಸೈಕಲ್ ನಾನು ತಳ್ಳಿದೆ, ಅವಳು ಅಳುತ್ತಾ ನಡೆದಳು. ಇನ್ನೊಂದು ಪಲೂಸ್ ಟು ಕ್ಯಾಸ್ಕೇಡ್ಸ್ ಟ್ರೇಲ್. ಸೀಡರ್ ಫಾಲ್ಸ್ ಪಾರ್ಕಿಂಗ್‌ನಿಂದ ಪೂರ್ವಕ್ಕೆ ಹೊರಟರೆ ಮೊದಲು ಸಣ್ಣ ಏರು, ವಾಪಸ್ ಬರುವಾಗ ಇಳಿಜಾರು. ಸುಸ್ತಾದ ಕಾಲಿಗೆ ಇದು ಒಳ್ಳೆಯದು. ಮಕ್ಕಳಿದ್ದರೆ ಕಣ್ಣುಮುಚ್ಚಿ ಪೂರ್ವಕ್ಕೆ ಹೋಗಿ. ಒಂದು ಮೈಲಿ ಹೋಗಿ ತಿರುಗಿದರೂ ನಷ್ಟವಿಲ್ಲ. ಈ ದಾರಿ ಮುಂದೆ ಇಡೀ ರಾಜ್ಯ ದಾಟಿ ಐಡಹೊ ಗಡಿಯವರೆಗೆ ಹೋಗುತ್ತದೆ, ನೀವು ಎಲ್ಲಿ ತಿರುಗಿದರೂ ಅದು ಮುಗಿದಿರುವುದಿಲ್ಲ.

ಕೆರೆಯ ಪಾರ್ಕಿಂಗ್‌ಗೆ ಪಾಸ್ ಬೇಡ. ಸೀಡರ್ ಫಾಲ್ಸ್ ಪಾರ್ಕಿಂಗ್ ರಾಜ್ಯದ್ದು, ಅಲ್ಲಿ ಕಾರು ನಿಲ್ಲಿಸಲು ಡಿಸ್ಕವರ್ ಪಾಸ್ ಎಂಬ ರಾಜ್ಯದ ಪಾಸ್ ಬೇಕು. ಬೇಸಿಗೆಯ ಶನಿವಾರ, ಭಾನುವಾರ ಬೆಳಿಗ್ಗೆ ಒಂಬತ್ತರೊಳಗೆ ತಲುಪಿ. ಆಮೇಲೆ ಜಾಗ ಸಿಗುವುದಿಲ್ಲ. ನೀರು ಜುಲೈನಲ್ಲೂ ತುಂಬಾ ತಣ್ಣಗಿರುತ್ತದೆ, ಕಾಯುವ ಲೈಫ್‌ಗಾರ್ಡ್ ಇಲ್ಲ. ಈಜು ಬರುವ ಹುಡುಗರನ್ನೂ ಒಬ್ಬರೇ ನೀರಿಗಿಳಿಯಲು ಬಿಡಬೇಡಿ. ಜೊತೆಗೆ ಬಂದ ಹುಡುಗರು ಲೆಜ್ ಹತ್ತಲೇಬೇಕು ಅಂದರೆ ಹತ್ತಲಿ. ಮೇಲಿನ ಬಂಡೆಯ ಅಂಚಿಗೆ ಕಂಬಿ ಇಲ್ಲ, ಬಿದ್ದು ಸತ್ತವರಿದ್ದಾರೆ. ಸೆಲ್ಫಿಗೆ ಅಂಚಿನವರೆಗೆ ಹೋಗಬೇಡಿ ಎಂದು ಗಟ್ಟಿಯಾಗಿ ಹೇಳಿ ಕಳಿಸಿ.

ಟ್ರೆಡಿಷನ್ ಕೆರೆ: ನಿಜವಾದ ಕಾಡು ಬೇಕಾದವರಿಗೆ

ಇದು ಅಮ್ಮನ ಜಾಗ. ಇಸ್ಸಾಕ್ವಾ ದಾಟಿದ ಕೂಡಲೇ ಎಕ್ಸಿಟ್ 20, ಹೈ ಪಾಯಿಂಟ್. ಟೈಗರ್ ಮೌಂಟನ್ ಬುಡದಲ್ಲಿರುವ ಹರವಾದ ಜಾಗ. ಪಾರ್ಕಿಂಗ್ ತುಂಬಿ ತುಳುಕುತ್ತಿದ್ದರೆ ಹೆದರಬೇಡಿ. ಅವರಲ್ಲಿ ಮುಕ್ಕಾಲು ಪಾಲು ಜನ 2,522 ಅಡಿಯ ವೆಸ್ಟ್ ಟೈಗರ್ 3 ಎಂಬ ತುದಿಗೆ ಹೊರಟವರು. ಅವರನ್ನು ಅವರ ಪಾಡಿಗೆ ಬಿಟ್ಟು 'ಅರೌಂಡ್ ದ ಲೇಕ್ ಟ್ರೇಲ್' ಎಂಬ ಫಲಕ ಹಿಡಿಯಿರಿ. ಐದು ನಿಮಿಷದಲ್ಲಿ ಸದ್ದು ಅಡಗುತ್ತದೆ.

ಸೀಡರ್, ಡಗ್ಲಸ್ ಫರ್, ಹೆಮ್ಲಾಕ್. ಮೇಪಲ್ ಮರದ ಕೊಂಬೆಗಳಿಂದ ಪಾಚಿ ಜೋತಾಡುತ್ತಿರುತ್ತದೆ. ನೆಲದ ತುಂಬ ಜರೀಗಿಡ. ಅಮ್ಮ ಮೊದಲ ಸಲ ಇಲ್ಲಿ ಕಾಲಿಟ್ಟಾಗ ಸೀರೆ ಎತ್ತಿ ಪಾದ ನೋಡಿಕೊಂಡಳು. "ಉಂಬಳ ಇಲ್ವಾ?" ಅಂತ. ಮಲೆನಾಡಿನವರು ಕಾಟ ಕೊಡುವ ಉಂಬಳದ ಯೋಚನೆ ಬಿಟ್ಟು ಇಲ್ಲಿ ನಡೆಯಬಹುದು. ಆದರೆ ತುರಿಕೆ ಸೊಪ್ಪಿನ ಇಲ್ಲಿನ ನೆಂಟ ದಾರಿಯ ಬದಿಯಲ್ಲೇ ಬೆಳೆಯುತ್ತದೆ. ಮೊಣಕಾಲು ಮುಚ್ಚುವ ಪ್ಯಾಂಟ್ ಹಾಕಿಸಿ, ಎಲೆ ಮುಟ್ಟಬೇಡಿ ಎಂದು ಮಕ್ಕಳಿಗೆ ಹೇಳಿ. ಒದ್ದೆ ದಿನಗಳಲ್ಲಿ ಬನಾನಾ ಸ್ಲಗ್ ಎಂಬ ಗೇಣುದ್ದದ ಹಳದಿ ಬಸವನಹುಳು ದಾರಿಗೆ ಅಡ್ಡ ಮಲಗಿರುತ್ತದೆ. ಮೇಲೆ ಚಿಪ್ಪು ಇಲ್ಲ. ತುಳಿಯದೆ ದಾಟಿ. ವಸಂತದಲ್ಲಿ ಜೌಗಿನ ಜಾಗದಲ್ಲೆಲ್ಲಾ ಸ್ಕಂಕ್ ಕ್ಯಾಬೇಜ್ ಹಳದಿಯಾಗಿ ಹೊತ್ತಿಸಿಟ್ಟ ದೀಪದ ಹಾಗೆ ಅರಳುತ್ತದೆ. ಮೂಗಿಗೆ ಮಾತ್ರ ಇಷ್ಟವಾಗುವುದಿಲ್ಲ.

ಕೆರೆ ಇಲ್ಲಿ ದೊಡ್ಡದಲ್ಲ. ಮರಗಳ ಸಂದಿಯಲ್ಲಿ ಕಾಣುತ್ತದೆ, ಮರೆಯಾಗುತ್ತದೆ. ಕೂತು ನೋಡುವ ಜಾಗವಿದೆ. ನೀರಿಗಿಳಿದು ಆಡುವ ಕೆರೆ ಅಲ್ಲ. ಸುತ್ತು ಹಾಕಿ ಬಸ್ ಟ್ರೇಲ್ ಎಂಬ ಕಾಲುದಾರಿಯಲ್ಲಿ ಬಂದರೆ, ನಡುಕಾಡಿನಲ್ಲಿ ತುಕ್ಕು ಹಿಡಿದ ಒಂದು ಹಳೆಯ ಬಸ್ಸು ಮಗುಚಿ ಬಿದ್ದಿದೆ. ಮಕ್ಕಳನ್ನು ನಡೆಸಲು ಇದಕ್ಕಿಂತ ಒಳ್ಳೆಯ ಆಸೆ ಬೇಕಿಲ್ಲ. "ಇನ್ನೆಷ್ಟು ದೂರ?" ಅಂದಾಗ "ಬಸ್ಸು ಬಂತು ನೋಡು" ಅಂದರೆ ಸಾಕು. ನಿಧಾನವಾಗಿ ನಡೆದರೆ ಎಲ್ಲ ಸೇರಿ ಒಂದೂವರೆ ಗಂಟೆ. ಏರು ಇಲ್ಲ ಅನ್ನುವಷ್ಟು ಕಡಿಮೆ. ಶುರುವಿನ ಭಾಗ ಜಲ್ಲಿ ಹಾಸಿ ಚೆನ್ನಾಗಿ ಮಾಡಿದ್ದಾರೆ. ಮುಂದೆ ಬೇರು, ಕೆಸರು ಸಿಗುತ್ತವೆ. ಚಪ್ಪಲಿಯಲ್ಲಿ ಬೇಡ.

ಸೈಕಲ್ ಓಡಿಸಲು ಈ ಜಾಗವಲ್ಲ. ಇಲ್ಲಿನ ಹೆಚ್ಚಿನ ಕಾಲುದಾರಿಗಳು ನಡೆಯುವವರಿಗೆ ಮಾತ್ರ. ಹಿರಿಯರಿಗೆ ಅದೇ ದೊಡ್ಡ ನೆಮ್ಮದಿ, ಅಲ್ವಾ? ಹಿಂದಿನಿಂದ ಯಾರೂ ಬಂದು ಗಂಟೆ ಹೊಡೆಯುವುದಿಲ್ಲ. ಪಾರ್ಕಿಂಗ್‌ಗೆ ಡಿಸ್ಕವರ್ ಪಾಸ್ ಬೇಕೇ ಬೇಕು. ದಿನಕ್ಕೆ 10 ಡಾಲರ್, ಫೀಸು ಬೇರೆ. 2025ರ ಅಕ್ಟೋಬರಿನಿಂದ ವರ್ಷದ ಪಾಸ್ 45 ಡಾಲರ್ ಆಗಿದೆ. ಅಪ್ಪ ಅಮ್ಮ ಆರು ತಿಂಗಳು ಇರುತ್ತಾರೆ ಅಂದರೆ ವರ್ಷದ್ದೇ ತೆಗೆದುಕೊಳ್ಳಿ. ಐದನೇ ಸಲಕ್ಕೆ ದುಡ್ಡು ವಾಪಸ್ ಬಂದಿರುತ್ತದೆ.

ಸೋರಿಂಗ್ ಈಗಲ್ ಮತ್ತು ಬೀವರ್ ಕೆರೆ: ಸಮ್ಮಾಮಿಶ್‌ನವರ ಹಿತ್ತಿಲು

ರೆಡ್ಮಂಡ್, ಸಮ್ಮಾಮಿಶ್ ಕಡೆ ಇರುವ ಕನ್ನಡಿಗರಿಗೆ ಸೋರಿಂಗ್ ಈಗಲ್ ಎಂಬ ಈ ಕಾಡಿನ ಪಾರ್ಕು ಅತಿ ಹತ್ತಿರ. ಶನಿವಾರ ಬೆಳಿಗ್ಗೆ ಕಾಫಿ ಕುಡಿದು ಹೊರಟರೆ ತಿಂಡಿ ಹೊತ್ತಿಗೆ ಮನೆಗೆ ಬರಬಹುದು. ಪಾರ್ಕಿಂಗ್‌ಗೆ ದುಡ್ಡಿಲ್ಲ. ಬೆಟ್ಟವಿಲ್ಲ. ಇಡೀ ಕಾಡು ಹೆಚ್ಚುಕಡಿಮೆ ಸಮತಟ್ಟು. ಪೈಪ್‌ಲೈನ್ ಟ್ರೇಲ್ ಎಂಬ ಅಗಲವಾದ ದಾರಿ ನಡುಮಧ್ಯೆ ಸಾಗುತ್ತದೆ. ಅದರಿಂದ ಎರಡೂ ಕಡೆಗೆ ಸಣ್ಣ ದಾರಿಗಳು ಕವಲೊಡೆಯುತ್ತವೆ. ದಕ್ಷಿಣಕ್ಕೆ ಇಳಿದರೆ ಬೀವರ್ ಲೇಕ್ ದಡದ ಕಾಯ್ದಿಟ್ಟ ಕಾಡು.

ಇಲ್ಲಿ ಎರಡು ಎಚ್ಚರಿಕೆ. ಒಂದು, ಕವಲುಗಳು ತುಂಬಾ ಜಾಸ್ತಿ. ಎಲ್ಲ ಕಡೆ ಒಂದೇ ಥರದ ಮರ. ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ಎರಡು, ಸಣ್ಣ ದಾರಿಗಳಲ್ಲಿ ಮೌಂಟನ್ ಬೈಕಿನವರು ತಿರುವಿನಿಂದ ದಿಢೀರನೆ ಬರುತ್ತಾರೆ. ಕುದುರೆಗಳೂ ಬರುತ್ತವೆ. ಅಜ್ಜ ಅಜ್ಜಿಯರ ಜೊತೆ ಹೋದಾಗ ಅಗಲ ದಾರಿಯನ್ನು ಬಿಡಬೇಡಿ. ಸೈಕಲ್ ಚೆನ್ನಾಗಿ ಬರುವ ಹತ್ತು ಹನ್ನೆರಡು ವಯಸ್ಸಿನ ಮಕ್ಕಳಿಗೆ ಮಾತ್ರ ಈ ನಾಲ್ಕರಲ್ಲಿ ಇದಕ್ಕಿಂತ ಖುಷಿಯ ಜಾಗ ಇನ್ನೊಂದಿಲ್ಲ. ಕೆರೆ ನೋಡಲೆಂದೇ ಹೋಗುವವರಿಗೆ ಸ್ವಲ್ಪ ನಿರಾಸೆಯಾಗಬಹುದು. ಇಲ್ಲಿ ಕಾಡೇ ಮುಖ್ಯ.

ಗ್ರೀನ್ ಲೇಕ್

ಇದು ಕಾಡಲ್ಲ, ಊರ ನಡುವಿನ ಪಾರ್ಕು. ಆದರೂ ಸೇರಿಸಿದ್ದೇನೆ. ಬಂದ ಮೊದಲ ವಾರ ಹನ್ನೆರಡೂವರೆ ಗಂಟೆಯ ಸಮಯದ ವ್ಯತ್ಯಾಸದಲ್ಲಿ ಅಪ್ಪ ಅಮ್ಮ ಬೆಳಗಿನ ಜಾವ ಮೂರಕ್ಕೇ ಎದ್ದು ಕೂತಿರುತ್ತಾರೆ. ಆಗ ಅವರ ಕಾಲು ಎಷ್ಟು ನಡೆಯುತ್ತದೆ ಎಂದು ನೋಡಲು ಇದೇ ಸರಿ. ಕೆರೆಗೆ ಒಂದು ಸುತ್ತು 2.8 ಮೈಲಿ, ಅಂದರೆ ನಾಲ್ಕೂವರೆ ಕಿಲೋಮೀಟರ್. ಏರಿಲ್ಲ, ಡಾಂಬರು ದಾರಿ, ಅಲ್ಲಲ್ಲಿ ಬೆಂಚು. ಕಾರು ಓಡಿಸದ ಹಿರಿಯರೂ ತಾವೇ ಹೋಗಿಬರಬಹುದು. 2021ರಲ್ಲಿ ಶುರುವಾದ ರೂಸವೆಲ್ಟ್ ರೈಲು ನಿಲ್ದಾಣದಿಂದ ನಡೆದೇ ತಲುಪುವಷ್ಟು ದೂರ. ಬೇಸಿಗೆಯಲ್ಲಿ ನೀರಿನ ಮೇಲೆ ಹಸಿರು ಪಾಚಿ ಕಟ್ಟಿದ್ದರೆ, ಎಚ್ಚರಿಕೆಯ ಫಲಕ ಹಾಕಿದ್ದರೆ, ಮಕ್ಕಳು ನೀರು ಮುಟ್ಟದಂತೆ ನೋಡಿಕೊಳ್ಳಿ. ಒಂದು ಸುತ್ತು ನೋವಿಲ್ಲದೆ ಮುಗಿಸಿದವರು ಮುಂದಿನ ವಾರ ಟ್ರೆಡಿಷನ್ ಕೆರೆಗೆ ಸಿದ್ಧ.

'ಆನ್ ಯುವರ್ ಲೆಫ್ಟ್' ಅಂದರೆ ಬಲಕ್ಕೆ ಸರಿಯಿರಿ

ಎಲ್ಲರೂ ಹಂಚಿಕೊಳ್ಳುವ ದಾರಿಗಳಲ್ಲಿ ನಮ್ಮವರಿಗೆ ಇದನ್ನು ಮನೆಯಲ್ಲೇ ಹೇಳಿಕೊಡಬೇಕು. ಹಿಂದಿನಿಂದ ಬರುವ ಸೈಕಲ್ಲಿನವರು 'ಆನ್ ಯುವರ್ ಲೆಫ್ಟ್' ಎಂದು ಕೂಗುತ್ತಾರೆ. ನಿಮ್ಮ ಎಡಗಡೆಯಿಂದ ದಾಟುತ್ತಿದ್ದೇನೆ ಎಂದು ಅರ್ಥ. ಅಮ್ಮ ಲೆಫ್ಟ್ ಅನ್ನುವ ಮಾತು ಕೇಳಿ ಎಡಕ್ಕೇ ಸರಿದಳು. ನಮ್ಮಲ್ಲಿ ರಸ್ತೆಯ ಎಡಕ್ಕೆ ನಡೆದ ಅಭ್ಯಾಸ ಬೇರೆ. ಸೈಕಲ್ ಒಂದು ಮೊಳ ದೂರದಲ್ಲಿ ಕಿರ್ ಎಂದು ನಿಂತಿತು. ಆ ಹುಡುಗಿ ಇಳಿದು ಕ್ಷಮೆ ಕೇಳಿದಳು. ಅಮ್ಮನ ಎದೆ ಬಡಿತ ಹತ್ತು ನಿಮಿಷ ನಿಲ್ಲಲಿಲ್ಲ. ಈಗ ಕಾರಿನಿಂದ ಇಳಿಯುವ ಮುಂಚೆ ನಮ್ಮ ಮನೆಯಲ್ಲಿ ಒಂದೇ ಮಾತು: ಏನೇ ಕೂಗಿದರೂ ಬಲಕ್ಕೆ.

ನಿಯಮದ ಪ್ರಕಾರ ಸೈಕಲ್ಲಿನವರು ನಡೆಯುವವರಿಗೆ ದಾರಿ ಬಿಡಬೇಕು. ಕುದುರೆಗೆ ಇಬ್ಬರೂ ಬಿಡಬೇಕು. ಕುದುರೆ ಬಂದರೆ ದಾರಿಯ ತಗ್ಗಿನ ಬದಿಗೆ ಸರಿದು ನಿಲ್ಲಿ. ಸವಾರರಿಗೆ ಮೆಲ್ಲಗೆ ನಮಸ್ಕಾರ ಹೇಳಿ. ಮಾತು ಕೇಳಿದರೆ ಎದುರಿಗಿರುವುದು ಮನುಷ್ಯರು ಎಂದು ಕುದುರೆಗೆ ತಿಳಿಯುತ್ತದೆ, ಬೆದರುವುದಿಲ್ಲ. ಕೊಡೆ ಬಿಚ್ಚಬೇಡಿ. ಈ ಕಾಡುಗಳಲ್ಲಿ ಕಪ್ಪು ಕರಡಿ, ಕೂಗರ್ ಎಂಬ ದೊಡ್ಡ ಕಾಡುಬೆಕ್ಕು ಇವೆ. ಕಾಣುವುದು ಅಪರೂಪ. ಕಂಡರೆ ಓಡಬೇಡಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿ, ಅದರ ಕಡೆಯೇ ನೋಡುತ್ತಾ ಗಟ್ಟಿಯಾಗಿ ಮಾತಾಡಿ ಹಿಂದೆ ಸರಿಯಿರಿ. ತಿಂಡಿಯ ಚೂರನ್ನೂ ಬಿಟ್ಟು ಬರಬೇಡಿ. ಕಿತ್ತಳೆ ಸಿಪ್ಪೆ ಮಣ್ಣಿಗೆ ಸೇರುತ್ತದಲ್ಲ ಎಂದು ಅಪ್ಪ ವಾದ ಮಾಡುತ್ತಿದ್ದರು. ಈ ಚಳಿಯಲ್ಲಿ ಅದು ಬೇಗ ಕೊಳೆಯುವುದಿಲ್ಲ, ಪ್ರಾಣಿಗಳು ಅದರ ವಾಸನೆಗೆ ದಾರಿಗೆ ಬರುತ್ತವೆ ಅಂದ ಮೇಲೆ ಅವರೇ ಒಂದು ಕವರ್ ಜೇಬಿನಲ್ಲಿಟ್ಟುಕೊಳ್ಳಲು ಶುರು ಮಾಡಿದರು.

ನನ್ನನ್ನು ಕೇಳಿದರೆ

ಮಂಡಿನೋವು ಇರುವ ಹಿರಿಯರಿಗೆ ಮೊದಲು ಗ್ರೀನ್ ಲೇಕ್, ಆಮೇಲೆ ಟ್ರೆಡಿಷನ್. ಸ್ಟ್ರೋಲರ್ ಇರುವವರಿಗೆ ರ‍್ಯಾಟಲ್‌ಸ್ನೇಕ್ ಕೆರೆಯ ದಡ. ಸೈಕಲ್ ಈಗಷ್ಟೇ ಕಲಿತ ಮಕ್ಕಳಿಗೆ ಪಲೂಸ್ ಟು ಕ್ಯಾಸ್ಕೇಡ್ಸ್, ಪೂರ್ವ ದಿಕ್ಕಿಗೆ. ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಸಿಕ್ಕಿತು ಅನ್ನುವವರಿಗೆ ಸೋರಿಂಗ್ ಈಗಲ್. ಜೂನ್‌ನಲ್ಲಿ ಒಂಬತ್ತು ಗಂಟೆಯವರೆಗೂ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕೂವರೆಯೊಳಗೆ ಕತ್ತಲೆ, ಆಗ ಮಧ್ಯಾಹ್ನದ ಹೊತ್ತಿಗೆ ಮಾತ್ರ ಹೋಗಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಕಾಳ್ಗಿಚ್ಚಿನ ಹೊಗೆ ಬಂದ ದಿನ ಎಲ್ಲಿಗೂ ಬೇಡ. ಉಬ್ಬಸ ಇರುವವರಿಗೆ ಅದು ಒಳ್ಳೆಯದಲ್ಲ. ಊರಿನಿಂದ ಬಂದವರಿಗೆ ಹೆಲ್ತ್ ಇನ್ಶೂರೆನ್ಸ್ ಮಾಡಿಸದೆ ಯಾವ ಕಾಡಿಗೂ ಕರೆದುಕೊಂಡು ಹೋಗಬೇಡಿ. ಇಲ್ಲಿ ಕಾಲು ಉಳುಕಿದರೂ ಆಸ್ಪತ್ರೆಯ ಬಿಲ್ ದೊಡ್ಡದು.

ಅಮ್ಮ ಮತ್ತೆ ಈ ಮೇ ತಿಂಗಳಲ್ಲಿ ಬರುತ್ತಿದ್ದಾಳೆ. ಫೋನಿನಲ್ಲಿ ಮೊನ್ನೆ ಕೇಳಿದ್ದು ಒಂದೇ, "ಆ ಬಸ್ಸು ಇನ್ನೂ ಅಲ್ಲೇ ಇದೆಯಾ?"